ತನ್ನ ಹೆಸರಿಗಿ ಓ ಅನ್ನದವ

"ಕಾರಕೂನ್ರ, ಈ ಹೆಬ್ಬಟ್ಟ ಯಾರದ್ರಿ?" ಅಂದ್ನಿ.

ಹಣಮಂತ್ರಾಯ ಕಾರಕೂನ್ರು ಬಾಯಿಗಿ ಒಯ್ದ ತುತ್ತು ಹಂಗ ಹಿಡಕೊಂಡು ಕುಂತ್ರು. ನಮ್ಮ ಖಾನಾವಳಿ ಎದುರಿಗಿ ಕೋರ್ಟ. ಆ ಕೋರ್ಟಿನಾಗ ಕೇಸಿನ ಕಾಗದೆಲ್ಲಾ ಬರಿಯೋರು ಇವರ. ಊಟಕ್ಕ ಬಂದ್ರೂ ಬಗಲಾಗ ಕೆಂಪ ಬಟ್ಟಿ ಗಂಟು ಇರಾಕಬೇಕು. ಆ ಗಂಟಿಲ್ಲದ ಹೋದ್ರ ಹೇಣ್ತಿ ಸೈತ ಇವರನ್ನ ಮನಿಯೊಳಗ ಬಿಟ್ಕೊಳ್ಳಾಕಿಲ್ಲ.

"ಕೆಳಗ ಹೆಸರ ಬರದೇನಿ. ಓದು," ಅಂದ್ರು.

"ನಾ ಕಲ್ತದ್ದು ಎರಡನೇ ಇಯತ್ತೆರಿ. ಅಕ್ಷರ ನನ್ನ ಕಂಡ್ರ ಓಡಿ ಹೋಗತಾವು. ನೀವ ಓದ್ರಿ."

"ಗುರುಶಾಂತ ಶ್ರೀಶೈಲಪ್ಪ. ಶೇಂಗಾ ಗಿರಣಿ ಸಾವುಕಾರ್ರ ಮಗ. ನೀ ಇವನ ಮ್ಯಾಲ ಸಂಶೆ ಪಡತೀಯಲ್ಲ, ಅದು ಸುಳ್ಳಂತ ತೋರಿಸಾಕ ಕಾಗದ ಬಿಚ್ಚೇನಿ ನಿನಗ. ಮೊನ್ನಿ ಬೇಸ್ತವಾರ ಹನ್ನೊಂದ ಗಂಟೇಕ ಈ ಹುಡುಗ ನಮ್ಮ ಕಟಕಟಿಯೊಳಗ ನಿಂತಿದ್ದ. ಎರಡ ವರ್ಷದ ಹಿಂದ ಫಟಫಟಿ ಮ್ಯಾಲ ಮೂರ ಮಂದೀನ ಕುಂಡ್ರಿಸ್ಕೊಂಡು ಹೊಡದಿದ್ದ, ಲೈಸನ್ಸಿಲ್ಲದ. ಸಮನ್ಸಿಗಿ ಬರಲಿಲ್ಲ, ವಾರಂಟ ಹೋತು. ಬಂದ, ತಪ್ಪಾತು ಅಂದ, ದಂಡ ಕಟ್ಟಿ ಹೋದ. ಅದ ಹನ್ನೊಂದ ಗಂಟೇಕ ಹೂವಿನ ಹಿಪ್ಪರಗಿ ಹಾದ್ಯಾಗ ಅಮೋಘಸಿದ್ಧನ ಚಕ್ಕಡಿ ಮ್ಯಾಲ ಟ್ರಕ್ ಹಾಯಿಸಿ ಅವನ್ನ ಕೊಂದಾಂವ ಇವನ ಹೆಂಗ ಆದಾನು? ಇಲ್ಲಿಂದ ಅಲ್ಲಿಗಿ ಎರಡ ತಾಸಿನ ಹಾದಿ."

"ಮತ್ತ ಯಾರ ಹಾಯಿಸಿದ್ರು?"

"ಗಾಡಿ ಸಾವುಕಾರ್ರದು. ಗಾಡಿ ಹೊಡ್ಯಾಂವ ಸೋಮನಿಂಗ. ಇದಕ್ಕ ವಿಚಾರ ಮಾಡೂದೇನೈತಿ? ಅವನ ಹೇಣ್ತಿ ಸುಂದರವ್ವ ಬಂದು ನಿನ್ನ ಕಾಲ ಹಿಡದ್ಲಂತ, ನೀ ಆಕಿ ಗಂಡನ್ನ ಬಿಡಿಸ್ತೇನಂತ ಊರೆಲ್ಲಾ ಹೇಳಕೋತ ಅಡ್ಡಾಡಾಕತ್ತಿ."

ಊರೆಲ್ಲಾ ಹೇಳಿದ್ದು ಖರೆ. ಆ ಹುಡುಗಿ ಐದ ದಿನದಾಗ ಹಾಕಿದ ಕಣ್ಣೀರಿಗಿ ಭೀಮಾ ಹೊಳ್ಯಾಗ ನೀರ ಏರಿತ್ತು. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ತಾರೀಖು. ಅಷ್ಟರಾಗ ಏನರ ಸಿಗದಿದ್ರ ಸೋಮನಿಂಗನ್ನ ವಿಜಾಪುರ ಜೇಲಿಗಿ ಒಯ್ತಾರ.

ನಾ ಕಾಗದ ಒಲಿ ಬೆಳಕಿಗಿ ಹಿಡದ್ನಿ. ಅಕ್ಷರ ಬರೂದಿಲ್ಲ, ಆದ್ರ ಹೆಬ್ಬಟ್ಟ ನನಗ ಓದಾಕ ಬರತೈತಿ. ಗಂಡ ಸತ್ತ ಮ್ಯಾಲ ಹೊಲದ ಕಾಗದಕ್ಕ, ರೇಶನ್ನಿಗಿ, ಈ ಖಾನಾವಳಿ ಲೈಸನ್ಸಿಗಿ ನಾ ಒತ್ತಿದ ಹೆಬ್ಬಟ್ಟೆಲ್ಲಾ ಸಾಲಾಗಿ ಹಚ್ಚಿದ್ರ ಮುದ್ದೇಬಿಹಾಳ ಮುಟ್ಟಿ ತಿರಗಿ ಬರತಾವು. ನನ್ನ ಹೆಸರ ಬರೀತೇನ್ರಿ ಅಂದ್ರೂ, ಹೆಂಗಸದೀ, ಒತ್ತು ಅನ್ನತಿದ್ರು.

"ಕಾರಕೂನ್ರ, ಗುರುಶಾಂತ ವಿಜಾಪುರದಾಗ ಕಾಲೇಜ ಕಲ್ತಾನಲ್ರಿ."

"ಬಿ.ಎ. ಎರಡ ವರ್ಷ."

"ಬಿ.ಎ. ಕಲ್ತಾಂವ ಹೆಬ್ಬಟ್ಟ ಯಾಕ ಒತ್ತಿದ?"

ಕಾರಕೂನ್ರ ಕೈಯಾಗಿನ ತುತ್ತು ತಾಟಿನಾಗ ಬಿತ್ತು. ಪುಂಡಿಪಲ್ಯಾ ಹತ್ತಿದ ಬೆರಳಿಲೆ ಹಂಗ ಕಾಗದ ಇಸಕೊಂಡ್ರು. ನೋಡಿದ್ರು. ಮತ್ತ ನೋಡಿದ್ರು. ಹಣಿ ಮ್ಯಾಲ ಬೆವರು ಬಂತು, ನನ್ನ ಹಿಂಡಿ ಚಟ್ನ್ಯಾಗ ಅಷ್ಟ ಖಾರ ಇದ್ದಿದ್ದಿಲ್ಲ.

"ಆ ದಿವಸ ನಲವತ್ತ ಕೇಸಿದ್ದು, ಶಂಕ್ರೆವ್ವ. ಲಾಟೀನಿಲ್ಲದ ಚಕ್ಕಡಿ, ದೀಪಿಲ್ಲದ ಸೈಕಲ್ಲು, ಟ್ರಕ್ಕಿನಾಗ ಮಂದಿ. ಹೆಸರ ಕೂಗೂದು, ಒಪ್ಪೀದೇನು ಅನ್ನೂದು, ಒತ್ತು ಅನ್ನೂದು. ಮಾರಿ ಯಾರ ನೋಡ್ತಾರ?"

"ನೋಡಾಕಂತ ಪಗಾರ ಕೊಡೂದು ನಿಮಗ ಅಲ್ಲೇನ್ರಿ?"

ನಾ ಬಿಡಲಿಲ್ಲ.

"ಮತ್ತೊಬ್ಬನ ಹೆಸರ ಹೇಳಿ ಕೋರ್ಟಿನಾಗ ನಿಂತ್ರ ಏನಾಕೈತ್ರಿ?"

"ಮೂರ ವರ್ಷ ಸಜಾ ಐತಿ."

"ಲಕ್ಷ್ಯ ಇಲ್ಲದ ಗಾಡಿ ಹೊಡದು ಮನಷಾನ್ನ ಕೊಂದ್ರ?"

"ಹೆಚ್ಚಂದ್ರ ಎರಡು."

ನನಗ ನಗಿ ತಡಿಯಾಕ ಆಗಲಿಲ್ಲ. "ಜೀವ ತಗೊಂಡ್ರ ಎರಡು, ಹೆಸರ ತಗೊಂಡ್ರ ಮೂರು. ನಿಮ್ಮ ಕಾಯ್ದೆ ಬರದಾಂವ ಹಸದ ಹೊಟ್ಟೀಲೆ ಬರದಾನ್ರಿ. ನನ್ನ ಖಾನಾವಳಿಗಿ ಕಳಸ್ರಿ ಅವನ್ನ."

ಅವರು ನಗಲಿಲ್ಲ. "ಇದನ್ನ ಯಾರ ಮುಂದೂ ಆಡಬ್ಯಾಡ. ನನ್ನ ನೌಕರಿ ಪ್ರಶ್ನೆ ಐತಿ," ಅಂದು ಕಾಗದ ಗಂಟಿನಾಗ ತುರುಕಿದ್ರು.

ತುರುಕೂದ್ರಾಗ ನಾ ಮತ್ತೊಂದು ನೋಡಿದ್ನಿ. ಹೆಬ್ಬಟ್ಟಿನ ನಡುವ ಓರೆಯಾಗಿ ಒಂದು ಬಿಳೀ ಗೀರು. ಮಸಿ ಅಲ್ಲಿ ಹತ್ತೇ ಇಲ್ಲ. ಹಳೀ ಗಾಯ ಇದ್ದ ಬೆರಳದು. ಆ ಬೆರಳು ನನ್ನ ಖಾನಾವಳ್ಯಾಗ ನಾ ಎಂದೋ ನೋಡೇನಿ.

ಯಾರದು?

ಒಳಗ ಹೋದ್ನಿ. ಕಾಶಿಬಾಯಿ ರೊಟ್ಟಿ ಬಡಿಯಾಕತ್ತಿದ್ಲು. ಆಕಿ ನನ್ನ ಕಡೆ ಕೆಲಸಕ್ಕ ಬಂದು ಎಂಟ ದಿನ. ಬಡಿತ ಜೋರು, ವಿಜಾಪುರದ ಗೋಳಗುಮ್ಮಟದಾಗ ಏಳ ಸಲ ಕೇಳಬೇಕು ಅಷ್ಟ ಜೋರು, ಆದ್ರ ಗಿರಾಕಿ ಮಾರಿ ಇನ್ನಾ ಗುರ್ತಾಗಿಲ್ಲ.

ಆಕಿ ತಲಿ ಮ್ಯಾಲಿನ ಗೂಟಕ್ಕ ಒಂದ ಗಂಟು ತೂಗಾಡಾಕತ್ತಿತ್ತು.

"ಇದೇನು ಕಾಶಿ?"

"ಯಾಂವೋ ಒಬ್ಬಾಂವ ಇಟ್ಟು ಹೋಗ್ಯಾನ್ರಿ ಯವ್ವಾ. ಈಗ ಬರ್ತೇನಂದ. ಬರಲೇ ಇಲ್ಲ."

"ಯಾವತ್ತ?"

"ನೀವು ಸಂತಿಗಿ ಹ್ವಾದ ದಿನ. ಬೇಸ್ತವಾರ, ಹತ್ತೂವರಿ ಆಗಿತ್ತು."

"ಹೆಂಗಿದ್ದ?"

ಕಾಶಿಬಾಯಿ ಹಿಟ್ಟಿನ ಕೈಲೆ ಬಾಯಿ ಮುಚ್ಚಿ ನಕ್ಳು. "ಮದಿಮಗನಂಗ. ಮಿರಿಮಿರಿ ಅಂಗಿ, ಬೆಲ್‌ಬಾಟಮ್ ಪ್ಯಾಂಟು. ಪ್ಯಾಂಟಿನ ಬುಡದಾಗ ಒಂದೊಂದ ಕಡಿ ನಾಕ ನಾಕ ಕೋಳಿ ಮರಿ ಸಾಕಬಹುದಿತ್ರಿ. ನಡಿಯಾಕ ಬರವಲ್ದಾಗಿತ್ತು ಅವಂಗ. ಹಿತ್ತಲದಾಗ ಹೋಗಿ ಬಟ್ಟಿ ಬದಲ ಮಾಡಿ, ಇದನ್ನ ಕೊಟ್ಟು ಕೋರ್ಟಿನೊಳಗ ಹ್ವಾದ."

ಗಂಟ ಬಿಚ್ಚಿದ್ನಿ. ಖಾಕಿ ಅಂಗಿ, ಖಾಕಿ ಪ್ಯಾಂಟು. ಮೂಗಿಗಿ ಹಿಡದ್ರ ಡೀಸಲ್ಲು, ಅದರ ಕೆಳಗ ಶೇಂಗಾ ಎಣ್ಣಿ. ಕಿಸೇದಾಗ ಅರ್ಧಾ ಬೀಡಿ, ಮತ್ತ ಒಂದು ಭಂಡಾರದ ಪುಡಿಕಿ. ಕುರಿಗಾರ ಮಂದಿ ತಮ್ಮ ದೇವರ ಗುಡಿಯಿಂದ ತಂದು ಹಣಿಗಿ ಹಚ್ಚೋ ಅರಿಷಿಣ ಅದು.

ಶೇಂಗಾ ಗಿರಣಿ ಎಣ್ಣಿ. ಡೀಸಲ್ಲು. ಕುರಿಗಾರ ಮನಿತನದಾಂವ.

ಗಿರಣಿ ಟ್ರಕ್ ಹೊಡಿಯೋ ಕುರಿಗಾರ ಒಬ್ಬನ, ಸೋಮನಿಂಗ. ಲಾಕಪ್ಪಿನಾಗಿದ್ದವರಿಗಿ ಮಧ್ಯಾಹ್ನದ ಊಟ ಕೊಡೂದು ನನ್ನ ಖಾನಾವಳಿನ. ಇನ್ನಾ ಹೊತ್ತಾಗಿದ್ದಿಲ್ಲ, ಆದ್ರ ನಾ ಬುಟ್ಟಿ ತುಂಬಿ, ಗಂಟು ಅದರ ತಳಕ್ಕ ಇಟ್ಟು ಹೊಂಟ್ನಿ. ನನ್ನ ಓಟಕ್ಕ ಸಿಂದಗಿ ಬಸ್ಸು ಹಾರ್ನ ಹಾಕಿ ಬಾಜೂಕ ಸರೀತು.

ಲಾಕಪ್ಪಿನ ಬಾಗಲಾಗ ಬಾಬುಲಾಲ ಹವಾಲ್ದಾರ್ರು ಮೀಸಿ ತಿದ್ದಕೋತ ಕುಂತಿದ್ರು.

"ಏನಾಯಿ, ಇವತ್ತ ಲಗೂನ ಬಂದಿ. ಕಳ್ಳರ ಮ್ಯಾಲ ಭಾಳ ಮಾಯಾ ನಿಂದು."

"ಪೊಲೀಸರಿಗಿಂತ ಕಳ್ಳರು ರೊಕ್ಕ ಕೊಟ್ಟು ಉಣ್ಣತಾರ್ರಿ. ಹವಾಲ್ದಾರ್ರ, ಒಂದ ಮಾತ. ಸೋಮನಿಂಗನ್ನ ಹಿಡಕೊಂಡು ಬಂದಾಗ ಅವ ಏನ ಹಾಕ್ಕೊಂಡಿದ್ದ?"

ಅವರು ಹೊಟ್ಟಿ ಹಿಡಕೊಂಡು ನಕ್ರು. "ಆ ಸೋಗ ಸಾಯೂ ತನಕ ಮರಿಯಾಂಗಿಲ್ಲ. ಶುಕ್ರವಾರ ಮುಂಜಾನೆ ಅವನ ಊರು ತಾಂಬಾಕ್ಕ ಹೋದ್ರ ಮನ್ಯಾಗ ಕುಂತಿದ್ದ. ಬೆಲ್‌ಬಾಟಮ್ಮು. ಗುಂಡಿ ಹತ್ತವಲ್ದು, ಉಡದಾರಕ್ಕ ಕಟ್ಕೊಂಡಿದ್ದ. ನಾ ಹೋದದ್ದು ಹಳೀ ಕೇಸಿನ ವಾರಂಟಿಗಿ. ಟ್ರಕ್ಕಿನ ಮ್ಯಾಲ ಮದುವಿ ಮಂದೀನ ಹೇರಿದ್ದು, ಮೂರ ಕೇಸು. ಕರಕೊಂಡ ಬಂದು ನೋಡ್ತೇನಿ, ಅದ ಟ್ರಕ್ಕು ಹಿಪ್ಪರಗಿ ಹಾದ್ಯಾಗ ಮನಷಾನ್ನ ಕೊಂದೈತಿ. ಒಂದ ಬಲಿಗಿ ಎರಡ ಮೀನಾ."

"ಚಹಾ ಕುಡದ ಬರ್ರಿ. ಕಾಶಿಬಾಯಿಗಿ ಹೇಳಿ ಬಂದೇನಿ, ಯಾಲಕ್ಕಿ ಹಾಕಿ ಮಾಡ್ಯಾಳ."

ಯಾಲಕ್ಕಿ ಅಂದ್ರ ಬಾಬುಲಾಲ ಹವಾಲ್ದಾರ್ರು ಬಸವನ ಬಾಗೇವಾಡಿ ತನಕ ನಡಕೋತ ಹೋಗತಾರ. ಹೋದ್ರು.

ಸಳಿ ಹಿಂದ ಸೋಮನಿಂಗ ಮೊಣಕಾಲ ಮ್ಯಾಲ ತಲಿ ಇಟ್ಕೊಂಡು ಕುಂತಿದ್ದ. ಆರ ಫೂಟ ಗಂಡಸು, ಐದ ದಿನದಾಗ ಗೇಣು ಆಗಿದ್ದ.

"ಏಳೋ ತಮ್ಮಾ. ರೊಟ್ಟಿ ತಗೊ."

ಬಲಗೈ ಚಾಚಿದ.

"ಎಡಗೈ ಕೊಡು." ಕೋರ್ಟಿನಾಗ ಗಂಡಸರದು ಎಡಗೈ ಹೆಬ್ಬಟ್ಟನ ಒತ್ತಿಸ್ಕೋತಾರ.

"ಎಡಗೈಲೆ ಅನ್ನಾ ತಗೋತಾರೇನಾಯಿ?"

"ಪಾಪ ಬಂದ್ರ ನನಗ ಬರಲಿ. ಕೊಡು."

ಅಂಜಕೋತ ಎಡಗೈ ಚಾಚಿದ. ರೊಟ್ಟಿ ಇಟ್ನಿ, ಹೆಬ್ಬಟ್ಟ ಹಿಡದ್ನಿ. ನಡುವ ಓರೆಯಾಗಿ ಹಳೀ ಗೀರು, ಕುಡಗೋಲಿಲೆ ಎಳದಂಗ.

"ಇದು ಹೆಂಗಾತು?"

"ಹ್ವಾದ ವರ್ಷ. ಹ್ಯಾಂಡಲ್ ತಿರುವಿ ಗಾಡಿ ಚಾಲೂ ಮಾಡೂ ಮುಂದ ತಿರಗಿ ಹೊಡೀತು. ನೀನ ಅರಿಷಿಣ ಒತ್ತಿದ್ದಿ ಅವತ್ತ."

"ಒತ್ತಿದ್ನಿ ಹೌದು. ಅದಕ್ಕ ಗುರ್ತ ಹತ್ತಿತು. ಇದರ ಚಿತ್ರ ಇವತ್ತ ಕೋರ್ಟಿನ ಕಾಗದದಾಗ ನೋಡಿ ಬಂದ್ನಿ. ಚಲೋ ಬಂದೈತಿ. ಕೆಳಗ ಹೆಸರ ಅಷ್ಟ ಗುರುಶಾಂತ ಅಂತ ಬರದಾರ."

ರೊಟ್ಟಿ ನೆಲಕ್ಕ ಬಿತ್ತು. ಕೈ ಎಳಕೊಳ್ಳಾಕ ನೋಡಿದ, ನಾ ಬಿಡಲಿಲ್ಲ. ಇನ್ನೊಂದ ಕೈಲೆ ಬುಟ್ಟಿ ತಳದಾಗಿಂದ ಖಾಕಿ ಅಂಗಿ ತಗದು ಸಳಿ ಮ್ಯಾಲ ಹಾಕಿದ್ನಿ.

"ಇದನ್ನ ಒಗಸಿ ಕೊಡಲೇನು? ಇಲ್ಲಾ ಬೆಲ್‌ಬಾಟಮ್ಮ ಚಲೋ ಒಪ್ಪತೈತೆ?"

ಇನ್ನೊಂದ ಕೈಲೆ ಅಂಗಿ ಮುಟ್ಟಿ ನೋಡಿದ. ಆಮ್ಯಾಲ ಸಣ್ಣ ದನೀಲೆ ಅಂದ, "ಆಯಿ, ಇದನ್ನ ಬಿಟ್ಟು ಬ್ಯಾರೆ ಏನರ ಕೇಳು. ಸಾವುಕಾರ್ರಿಗಿ ಮಾತ ಕೊಟ್ಟೇನಿ."

"ನೀ ಕೊಟ್ಟ ಮಾತ ನೀ ಇಟ್ಕೊ. ನಾ ಬರೇ ಕೇಳ್ತೇನಿ. ಅವತ್ತ ಯಾಕ ನಿಂತಿ?"

"ಅವ್ರು ನಿಂದ್ರು ಅಂದ್ರು. ಗುರುಶಾಂತಪ್ಪಗ ಕಟಕಟಿಯೊಳಗ ನಿಲ್ಲಾಕ ನಾಚಿಕಿ, ಕನ್ಯಾ ನೋಡಾಕತ್ತಾರ. ನೀ ಅವನ ಬಟ್ಟಿ ಹಾಕ್ಕೊಂಡು ಅವನ ಬದಲಿ ನಿಂತು ತಪ್ಪಾತು ಅಂದ್ರ ಮುಗೀತು, ಇವತ್ತ ಗಾಡಿ ಅಂವ ಹೊಡೀತಾನ ಅಂದ್ರು. ನನಗೇನು ಇದು ಹೊಸಾದೇನಾಯಿ? ಸಾವುಕಾರ್ರಿಗಿ ಬ್ಯಾನಿ ಬಂದಾಗ ಲಚ್ಯಾಣ ಮಠಕ್ಕ ದೀಡ ನಮಸ್ಕಾರ ಬೇಡ್ಕೊಂಡಿದ್ರು. ಅವರ ಹೊಟ್ಟಿ ನಿನಗ ಗೊತ್ತ ಐತಿ."

"ಗೊತ್ತೈತಿ. ಬೋರಲ ಮಲಗಿದ್ರ ಕೈ ಕಾಲು ನೆಲಾ ಮುಟ್ಟೂದಿಲ್ಲ, ಗಿರಗಿಟ್ಲಿ ತಿರಗಿದಂಗ ತಿರಗತಾರ."

ಅಳಾಕತ್ತವನ ತುಟಿ ಒಂದ ಚೂರ ನಕ್ಕವು.

"ಅವರ ಹೆಸರಿಲೆ ನಾ ಹಾಕಿದ್ನಿ. ಬೀಳೂದು, ಗೆರಿ ಹಾಕೂದು, ಏಳೂದು, ಮತ್ತ ಬೀಳೂದು. ಮಠದ ಬಾಗಲ ತನಕ. ಮೈ ನಂದು, ಪುಣ್ಯ ಅವರದು. ಬ್ಯಾನಿ ಹೋತು. ದೇವರ ಒಪ್ಕೊಂಡ ಮ್ಯಾಲ ಕೋರ್ಟ ಒಪ್ಪೂದಿಲ್ಲೇನು ಅಂತ ತಿಳದ್ನಿ."

"ದೇವರು ರಿಜಿಸ್ಟರ ಇಡೂದಿಲ್ಲೋ ಹುಚ್ಚಾ. ಮುಂದ ಹೇಳು."

"ತಪ್ಪಾತ್ರಿ ಅಂದ್ನಿ, ಒತ್ತಿದ್ನಿ. ಇನ್ನಾ ಕಟಕಟಿಯಿಂದ ಇಳದಿದ್ದಿಲ್ಲ. ಪಟ್ಟೇವಾಲಾ ಬಾಗಲಾಗ ನಿಂತ ಮುಂದಿನ ಹೆಸರ ಕೂಗಿದ." ಸಳಿಗಿ ಹಣಿ ಹಚ್ಚಿದ. "ತಾಂಬಾದ ಸೋಮನಿಂಗ ಬೀರಣ್ಣ, ಹಾಜರ್ ಹೈ ಅಂದ."

ನಾ ಹಿಡದಿದ್ದ ಹೆಬ್ಬಟ್ಟ ಬಿಟ್ನಿ.

"ನಿನ್ನ ಹೆಸರು?"

"ನನ್ನ ಹೆಸರು, ನಮ್ಮಪ್ಪನ ಹೆಸರು. ಆ ಮದುವಿ ಮಂದಿ ಕೇಸಿಂದು. ಪೊಲೀಸರು ಕೊಟ್ಟ ಚೀಟಿ ಮೂರೂ ನಾ ಸಾವುಕಾರ್ರ ಕೈಯಾಗ ಕೊಟ್ಟಿದ್ನಿ. ನಾ ನೋಡ್ಕೋತೇನಿ ಹೋಗು ಅಂ‌ದು ಗಿರಣಿ ತಂತಿಗಿ ಚುಚ್ಚಿದ್ರು. ಸಮನ್ಸು ಗಿರಣಿಗಿ ಬಂದಾವಂತ, ಅವನ್ನೂ ಅಲ್ಲೇ ಚುಚ್ಚ್ಯಾರ. ನನಗ ಒಂದೂ ಗೊತ್ತಿಲ್ಲ. ಎರಡನೇ ಸಲ ಕೂಗಿದ. ಓ ಅನ್ನಾಕ ಬಾಯಿ ತೆರದ್ನಿ, ಆಯಿ. ಆದ್ರ ಈಗ ಗುರುಶಾಂತ ಅಂತ ಒತ್ತೇನಿ. ಓ ಅಂದ್ರ ಯಾರಂತ ಅನ್ನಲಿ? ಮೂರನೇ ಸಲ ಕೂಗಿದ. ಎರಡ ಮಾರು ದೂರದಾಗ ಕುಂತ ಸಾಹೇಬ್ರು, ಇಂವ ಯಾವಾಗಲೂ ಬರೂದಿಲ್ಲ, ಜಾಮೀನಿಲ್ಲದ ವಾರಂಟ ಬರೀರಿ ಅಂದ್ರು. ನಾ ಅವರ ಮಾರಿ ನೋಡಕೋತ ನಿಂತಿದ್ನಿ."

ಅರವತ್ತ ವರ್ಷದಾಗ ನಾ ಬಾಯಿ ಮುಚ್ಚಿ ಕುಂತದ್ದು ಎರಡ ಸಲ. ಒಂದು ಗಂಡ ಸತ್ತಾಗ, ಇನ್ನೊಂದು ಅವತ್ತ.

ಕೋರ್ಟಿನ ಕಾಗದ ಏನ ಹೇಳತೈತಿ ನೋಡ್ರಿ. ಹನ್ನೊಂದ ಗಂಟೇಕ ಗುರುಶಾಂತ ಇಲ್ಲಿದ್ದ, ಸೋಮನಿಂಗ ಇದ್ದಿದ್ದಿಲ್ಲ. ಖರೆ ನೋಡಿದ್ರ ಸೋಮನಿಂಗ ಇಲ್ಲಿದ್ದ, ಗುರುಶಾಂತ ಟ್ರಕ್ ತಗೊಂಡು ಹಿಪ್ಪರಗಿ ಹಾದ್ಯಾಗಿದ್ದ. ಪಂಚಾಂಗ ತಲಿಕೆಳಗ ಹಿಡದು ಮುಹೂರ್ತ ತಗದಂಗ ಆಗಿತ್ತು.

"ಗಂಟ ಯಾಕ ಬಿಟ್ಟ ಹೋದಿ?"

"ವಾರಂಟ ಅಂದ ಕೂಡ್ಲೆ ಗಂಟಿನ ನೆನಪ ಹಾರಿತು. ಹಿಂದಿನ ಬಾಗಲಿಂದ ಹೊರಗ ಬಿದ್ದು ಇಂಡಿ ಬಸ್ ಹಿಡದ್ನಿ. ನಂದೊಂದ ಜೋಡ ಖಾಕಿ. ಅದಕ್ಕ ಮನ್ಯಾಗ ಆ ಸೋಗ."

"ಮಗನ, ಜಡ್ಜ ಸಾಹೇಬ್ರ ಕಣ್ಣ ಮುಂದ ನಿಂತಿದ್ದಿ ನೀ. ಇಂಥಾ ಸಾಕ್ಷಿ ರಾಜಾಗೂ ಸಿಗೂದಿಲ್ಲ. ಹೇಳಿಬಿಡು."

"ಹೇಳಿದ್ರ ಮೂರ ವರ್ಷ ಅಂತ ಸಾವುಕಾರ್ರು ಅಂದ್ರು. ಸುಮ್ನಿದ್ರ ಎರಡು. ಅಲ್ಲಿ ತನಕ ಸುಂದರವ್ವಗ ಜ್ವಾಳ ಮನಿಗಿ ಮುಟ್ಟಸ್ತೇನಿ, ಬಂದ ಮ್ಯಾಲ ಗಾಡಿ ನಿಂದ ಅಂದಾರ. ನೀನ ಹೇಳು, ಯಾವುದು ಚಲೋ?"

ಕಾರಕೂನ್ರ ಮುಂದ ನಾ ನಕ್ಕದ್ದು ಇದ ಲೆಕ್ಕಕ್ಕ. ಅವನ ಲೆಕ್ಕ ತಪ್ಪಿದ್ದಿಲ್ಲ.

ನಾ ಕಿಡಕಿ ಕಡೆ ಬೆರಳ ಮಾಡಿದ್ನಿ. ಹೊರಗ ಬೇವಿನ ಗಿಡದ ಬುಡಕ್ಕ ಒಬ್ಬಾಕಿ ಕುಂತಿದ್ಲು. ಬರೇ ಹಣಿ, ಖಾಲಿ ಕೈ.

"ಆಕಿ ಯಾರ ಗೊತ್ತೈತೇನ?"

"ಸಿದ್ದಲಿಂಗವ್ವ. ಅಮೋಘಸಿದ್ಧನ ಹೇಣ್ತಿ." ಅಂವ ಆ ಕಡೆ ನೋಡಲಿಲ್ಲ. "ದಿನಾ ಬರತಾಳ. ಬೈಯೂದಿಲ್ಲ, ಅಳೂದಿಲ್ಲ. ಅದನ್ನ ನನಗ ತಾಳಾಕ ಆಗವಲ್ದು."

"ಯಾಕ ಬಂದೀ ಯವ್ವಾ ಅಂತ ನಿನ್ನೆ ನಾ ಕೇಳಿದ್ನಿ. ಗಂಡ ಹಾದ್ಯಾಗ ಬಿದ್ದು ಒಂದ ತಾಸ ಜೀವ ಹಿಡದಿದ್ದನಂತ. ನೀರು ಅಂದನಂತ. ಹೊಲದಾಗ ಕಳೇವು ತಗ್ಯಾಕಿ ಒಬ್ಬಾಕಿ ದೂರಿಂದ ನೋಡ್ಯಾಳ, ಮಾರಿ ಕಂಡಿಲ್ಲ. ಟ್ರಕ್ಕಿನಾಂವ ಇಳದ, ಬಗ್ಗಿ ನೋಡಿದ, ತಿರಗಿ ಹತ್ತಿ ಹ್ವಾದ. ಆಕಿ ಓಡಿ ಬರೂದ್ರಾಗ ತಡಾ ಆತು. ಸಿದ್ದಲಿಂಗವ್ವ ಇಲ್ಲಿ ಕುಂತದ್ದು ನಿನಗ ಒಂದ ಮಾತ ಕೇಳಾಕ. ಕೇಳಾಕ ಧೈರ್ಯ ಸಾಲವಲ್ದು ಆಕಿಗಿ."

"ಏನಂತ?"

"ಟ್ರಕ್ಕಿನಾಗ ನೀರಿತ್ತೇನಂತ."

ಸೋಮನಿಂಗ ಎರಡೂ ಕೈಲೆ ಸಳಿ ಹಿಡದ.

"ಇತ್ತು," ಅಂದ. "ನನ್ನ ಗಾಡ್ಯಾಗ ಯಾವತ್ತೂ ಎರಡ ಡಬ್ಬಿ ನೀರ ಇರತಾವು. ಒಂದು ಇಂಜಿನ್ನಿಗಿ, ಒಂದು ಕುಡಿಯಾಕ. ಅವತ್ತ ಮುಂಜಾನೆ ನಾನ ತುಂಬಿ ಇಟ್ಟಿದ್ನಿ ಆಯಿ. ಸೀಟಿನ ಬಾಜೂಕ. ಕೈ ಚಾಚಿದ್ರ ಸಿಗತಿತ್ತು."

ಹೊರಗ ಹವಾಲ್ದಾರ್ರ ಬೂಟಿನ ಸಪ್ಪಳ ಬಂತು.

"ಆ ನೀರ ಕೊಡದಾಂವ ನಾನಂತ ಆಕಿ ತಿಳಕೊಂಡಾಳೇನು?"

"ಕಾಗದ ಹಂಗ ಹೇಳತೈತಿ."

ಅಂವ ನೆಲಕ್ಕ ಬಿದ್ದ ರೊಟ್ಟಿ ಎತ್ತಿದ, ಊದಿದ, ಕಣ್ಣಿಗಿ ಒತ್ತಿಕೊಂಡ.

"ತಾರೀಖಿನ ದಿನ ಸಾಹೇಬ್ರ ಮುಂದ ಹೇಳ್ತೇನಿ. ಮೂರ ಆಗಲಿ, ಆರ ಆಗಲಿ. ಮಂದಿ ಹೆಸರಿಲೆ ತಪ್ಪಾತು ಅಂದೇನಿ. ನನ್ನ ಹೆಸರಿಲೆ ಇದನ್ನ ಹೊರಾಂಗಿಲ್ಲ."

ತಿರಗಿ ಬರೂ ಮುಂದ ನನ್ನ ಕಾಲ ನೆಲಾ ಮುಟ್ಟಿದ್ದಿಲ್ಲ. ಸುಂದರವ್ವಗ ಹೇಳಬೇಕಂತ ನಾಲಿಗಿ ಕಡಿಯಾಕ ಹತ್ತಿತ್ತು, ಕಚ್ಚಿ ಹಿಡದ್ನಿ. ಇಂಥಾ ಮಾತು ಊರಾಗ ಬಿದ್ರ ಸಾವುಕಾರ್ರ ಕಿವಿಗಿ ನನಗಿಂತ ಮದಲ ಮುಟ್ಟತೈತಿ.

ಹಣಮಂತ್ರಾಯ ಕಾರಕೂನ್ರಿಗಿ ಒಬ್ಬರಿಗಿ ಹೇಳಿದ್ನಿ. ಕಾಗದ ಅವರ ಕೈಯಾಗ ಐತಿ, ಹೇಳದ ಹೆಂಗ? ಸಂಜಿ ಚಹಾಕ್ಕ ಬಂದಾಗ ಗುಸುಗುಸು ಎಲ್ಲಾ ಒದರಿದ್ನಿ.

"ಸಳಿ ಹಿಂದ ಅದಾನ ಆ ಹೆಬ್ಬಟ್ಟಿನಾಂವ. ಕಾಗದ ಜ್ವಾಕಿ ಇಡ್ರಿ."

ಅವರು ಚಹಾ ಬಸಿಗಿ ಹಾಕ್ಕೊಂಡು ಆರಸ್ಕೋತ ಕುಂತ್ರು. "ಬೆರಳಿನ ಗೆರಿ ಓದೋ ಮಂದಿ ಬೆಂಗಳೂರಾಗ ಅದಾರ. ನಾ ಕಾಗದ ಅಲ್ಲಿಗಿ ಕಳಸಬೇಕಾಕೈತಿ," ಅಂದ್ರು.

"ಕಳಸ್ರಿ."

"ಗೀರು ಅಂದೆಲ್ಲ, ಕಾಗದದಾಗ ಅದು ಉಲ್ಟಾ ಬಂದಿರತೈತಿ. ಬೆರಳಿನ ಮ್ಯಾಲ ಹೆಂಗೈತಿ? ಎಡಗಡಿಯಿಂದ ಬಲಕ್ಕ ಇಳದೈತೇನು, ಬಲದಿಂದ ಎಡಕ್ಕ?"

"ಉಗುರಿನ ಬಲಕ್ಕ ಚಾಲೂ ಆಗಿ ಎಡಕ್ಕ ಇಳದೈತಿ," ಅಂತ ನನ್ನ ಹೆಬ್ಬಟ್ಟಿನ ಮ್ಯಾಲ ಮಸೀಲೆ ಎಳದು ತೋರಿಸಿದ್ನಿ. ಕಲ್ತವರು, ಸರಿಯಾಗಿ ಬರಕೊಳ್ಳಾಕ ಕೇಳ್ತಾರಂತ ತಿಳದು.

ಚಹಾ ಪೂರಾ ಕುಡೀಲಿಲ್ಲ ಅವರು.

ಬುಧವಾರ ಮಧ್ಯಾಹ್ನ ಖಾನಾವಳಿ ತುಂಬಿತ್ತು. ಕಾರಕೂನ್ರು ಮೂಲ್ಯಾಗ, ಕೆಂಪ ಗಂಟು ಬಗಲಾಗ, ತಲಿ ತಾಟಿನಾಗ. ಅಷ್ಟರಾಗ ಬಾಗಲಾಗ ಬೆಳಕು ಕತ್ತಲಾತು.

ಗುರುಶಾಂತ ನಿಂತಿದ್ದ. ಇಪ್ಪತ್ಮೂರ ವರ್ಷದ ಹುಡುಗ, ಕಿವಿ ಮುಚ್ಚೋ ಕೂದ್ಲು, ಘಮ್ಮಂತ ಅತ್ತರ. ನಮ್ಮ ಖಾನಾವಳಿ ಹೊಸ್ತಲಾ ಅವನ ಕಾಲು ಅದ ಮದಲ ತುಳದದ್ದು. ಎಡಗೈ ಹೆಬ್ಬಟ್ಟಿಗಿ ಬಿಳೀ ಪಟ್ಟಿ ಸುತ್ತಿತ್ತು.

"ನೀರ ಕೊಡ ಆಯಿ," ಅಂದ, ಹಲಗಿ ಮ್ಯಾಲ ಕುಂತು.

ಅವನ ಬಾಯಾಗ ನೀರು ಅನ್ನೂ ಮಾತ ಕೇಳಿ ನನಗ ಅಮೋಘಸಿದ್ಧ ನೆನಪಾದ. ಚರಗಿ ಇಟ್ನಿ, ಕಾಶಿಬಾಯಿ ರೊಟ್ಟಿ ತಾಟ ತಂದಿಟ್ಲು.

"ಊಟಕ್ಕ ಬಂದಿ, ಕೈಗಿ ಏನಾತು ತಮ್ಮಾ? ಫಟಫಟಿ ಕಚ್ಚೀತೇನು?"

"ನೀ ಹೆಬ್ಬಟ್ಟ ಓದತೀಯಂತ. ನಂದೂ ಒಂದ ಚೂರ ಓದು."

ಮಂದಿ ಮುಂದ, ಸಾವಕಾಶ, ಪಟ್ಟಿ ಬಿಚ್ಚಿದ. ಒಂದ ಸುತ್ತು, ಎರಡ ಸುತ್ತು.

ಹಸೀ ಗಾಯ. ಉಗುರಿನ ಬಲಕ್ಕ ಚಾಲೂ ಆಗಿ ಎಡಕ್ಕ ಓರೆಯಾಗಿ ಇಳದಿತ್ತು. ನಾ ಮಸೀಲೆ ಎಳದು ತೋರಿಸಿದ ಗೆರಿ, ಕೂದಲೆಳಿ ಹೆಚ್ಚ ಕಡಿಮಿ ಇಲ್ಲದ.

"ಹುಟ್ಟಿ ಒಂದ ದಿನ ಆಗಿಲ್ಲ ಈ ಗಾಯಕ್ಕ," ಅಂದ್ನಿ.

"ತಾರೀಖಿಗಿ ಇನ್ನಾ ಒಂಬತ್ತ ದಿನ ಐತಿ. ಮಾಯ್ತೈತಿ," ಅಂದ, ನಕ್ಕು.

ನಾ ಬಗ್ಗಿ ನೋಡಿದ್ನಿ. ಗಾಯದ ಸುತ್ತ, ಬೆರಳಿನ ಗೆರಿ ಗೆರಿ ಒಳಗ ಕರೀ ಮಸಿ ಕುಂತಿತ್ತು. ತೊಳದ್ರೂ ಹೋಗದ ಮಸಿ, ಕೋರ್ಟಿನ ಮಸಿ. ಅಂದ್ರ ಇಂವ ಈ ಬೆರಳಿಲೆ ಎಲ್ಲೋ ಒತ್ತಿ ಬಂದಾನ. ಹಳೀ ಕಾಗದದಂಥಾದ ಇನ್ನೊಂದ ಕಾಗದ, ಅದ ತಾರೀಖು, ಅದ ಅಕ್ಷರ. ಬೆಂಗಳೂರಿನ ಸಾಹೇಬ್ರು ಗೆರಿ ಓದಿದ್ರ ಗುರುಶಾಂತನ ಗೆರಿನ ಸಿಗತಾವು.

ಗೀರಿನ ಸುದ್ದಿ ಗೊತ್ತಿದ್ದದ್ದು ಮೂರ ಮಂದಿಗಿ. ಒಬ್ಬ ಸಳಿ ಹಿಂದ. ಒಬ್ಬಾಕಿ ನಾನು.

ಮೂರನೇದವರು ಎದ್ದು ಬಚ್ಚಲ ಕಡೆ ನಡದಿದ್ರು. ನಾ ತಂಬಿಗಿ ಹಿಡಕೊಂಡು ಹಿಂದ ಹೋದ್ನಿ, ಕೈ ಮ್ಯಾಲ ನೀರ ಹಾಕಿದ್ನಿ. ಮೂರ ಬೆರಳಿನಿಂದ ನೀರು ಕರ್ರಗ ಇಳೀತು.

"ಹಳೀ ಕಾಗದ ಎಲ್ಲೈತ್ರಿ?" ಅಂದ್ನಿ, ಅವರಿಗಷ್ಟ ಕೇಳೂವಂಗ.

ಹಣಮಂತ್ರಾಯರು ತಲಿ ಎತ್ತಲಿಲ್ಲ. ಕೈ ಒರಸಕೋತ, ತುಟಿ ಅಲುಗಸದ ಅಂದ್ರು.

"ಸಾವುಕಾರ್ರು ಸುಡು ಅಂದ್ರು. ಸುಟ್ಟಿಲ್ಲ."

ತಿರಗಿ ನೋಡಿದ್ನಿ. ಖಾನಾವಳಿ ತುಂಬ ಮಂದಿ ಉಣ್ಣಾಕತ್ತಿದ್ರು. ಗುರುಶಾಂತ ಒಬ್ಬ ಅಗಿಯೂದ ನಿಲ್ಲಿಸಿ, ಮುರದ ರೊಟ್ಟಿ ಕೈಯಾಗ ಹಿಡಕೊಂಡು, ಕಾರಕೂನ್ರ ಬಗಲಾಗಿನ ಕೆಂಪ ಗಂಟು ನೋಡಾಕತ್ತಿದ್ದ.